ಶೀಸೆಗೆ ತುಂಬಿದ ಅಣಬೆ

ಅಣಬೆಯನ್ನು ನಾನು ಒಂದೂವರೆ ವರ್ಷ ಬಾಯಿತುಂಬ ಹೊಗಳಿದೆ. ಆ ಒಂದೂವರೆ ವರ್ಷದಲ್ಲಿ ಅದರ ಒಂದು ಚೂರೂ ನನ್ನ ಬಾಯೊಳಗೆ ಹೋಗಿರಲಿಲ್ಲ. ಈಗ ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುವ ಹುಡುಗಿಯರು ಮನೆಗೆ ಬಂದು "ಅಜ್ಜಿ, ನಿಮ್ಮ ಕಾಲದ್ದು ಏನರ ಹೇಳ್ರಿ" ಎಂದರೆ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲುಗಳ ಮಾತನ್ನು ನಾನು ಎತ್ತುವುದಿಲ್ಲ. ಅವು ಆಯುಷ್ಯ ಗಟ್ಟಿಯಿದ್ದವರಿಗೆಲ್ಲ ಸಿಗುತ್ತವೆ. ನಾನು ಹೇಳುವುದು ಈ ಅಣಬೆಯ ಸಂಗತಿ. ಇದರಲ್ಲಿ ನನ್ನ ಪೆದ್ದುತನವಿದೆ, ಆ ಪೆದ್ದುತನದಿಂದ ಒಬ್ಬ ಹೆಣ್ಣುಮಗಳ ಜೀವಕ್ಕೆ ಬಂದ ಕುತ್ತೂ ಇದೆ. ನಗಬೇಕೆನಿಸಿದ ಕಡೆ ನಗಿ. ಈಗ ನಾನೂ ನಗುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ದವಾಖಾನೆಯ ಫಾರ್ಮುಗಳು ಇಂಗ್ಲಿಷಿನಲ್ಲಿ, ಮೇಲಿನವರ ಬೈಗುಳ ಮರಾಠಿಯಲ್ಲಿ, ರೋಗಿಗಳ ನರಳಾಟ ಕನ್ನಡದಲ್ಲಿ. ನಾನು ಬಾದಾಮಿಯ ಶಾಲಾ ಮಾಸ್ತರರ ಮಗಳು. ನಮ್ಮ ಅಡಿಗೆಮನೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಕಾಲಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಹಿತ್ತಲಲ್ಲಿ ಅಣಬೆ ಎದ್ದರೆ ಅವ್ವ 'ನಾಯಿಕೊಡೆ' ಎಂದು ಕಸಬರಿಗೆಯ ತುದಿಯಿಂದ ದೂರ ತಳ್ಳಿ, ಆ ಕಸಬರಿಗೆಯನ್ನೂ ತೊಳೆಯುತ್ತಿದ್ದಳು. ಅಂಥ ಮನೆಯ ಹುಡುಗಿ ನರ್ಸ್ ಆಗುತ್ತೇನೆಂದಾಗ ಅಪ್ಪ ಹೂಂ ಅಂದರು, ಅವ್ವ ಮೂರು ದಿನ ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ನನ್ನ ಟ್ರಂಕಿನಲ್ಲಿ ಒಂದು ತಾಮ್ರದ ತಂಬಿಗೆ ಇಟ್ಟು ಒಂದೇ ಮಾತು ಹೇಳಿದಳು: "ಎಲ್ಲಿ ಬೇಕಾದಲ್ಲಿ ಇರು ಸುಶೀ, ಯಾರ ಬಾಣಂತನ ಬೇಕಾದ್ರೂ ಮಾಡು. ಉಣ್ಣೋದು ಮಾತ್ರ ನಮ್ಮ ಮನ್ಯಾಗಿನ ಹಂಗ ಉಣ್ಣು." ನಾನು ಆಗಲಿ ಎಂದು ಅವಳ ಕೈ ಮೇಲೆ ಕೈಯಿಟ್ಟು ಬಂದೆ.

ಕೆಲಸ ಗುಡೂರಿನ ದವಾಖಾನೆಯಲ್ಲಿ. ಎರಡು ಖೋಲಿ, ಒಂದು ಬೇವಿನ ಗಿಡ, ಒಂದು ಮುರುಕು ಬೆಂಚು. ವಾರಕ್ಕೆರಡು ಸಲ ಬಾಗಲಕೋಟೆಯಿಂದ ಡಾಕ್ಟರು ಬರುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು, ನಾನೇ ಕಂಪೌಂಡರು, ಕಸ ಹೊಡೆಯುವವಳೂ ನಾನೇ. ಸುತ್ತಲಿನ ಹಳ್ಳಿಗಳಿಗೆ ನಡೆದೋ ಚಕ್ಕಡಿ ಹತ್ತಿಯೋ ಹೋಗಬೇಕು. ಸುಶೀಲಾ ಎಂಬ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ನಾನು ನರ್ಸಬಾಯಿ.

ಡಾಕ್ಟರು ಮುಂಗೋಪಿ. ನಶ್ಯದ ಡಬ್ಬಿ ಸಿಗದಿದ್ದರೆ ಮೊದಲ ಐದು ರೋಗಿಗಳಿಗೆ ಬೈಗುಳ ಖಾತ್ರಿ. ಆದರೆ ನನ್ನ ಇಡೀ ನೌಕರಿಯಲ್ಲಿ ಕಲಿತ ಒಳ್ಳೆಯ ಪದ್ಧತಿ ಅವರದೇ. ರೋಗಿ ಬಂದು ಕೂತು "ಸಾಹೇಬ್ರ, ಹೊಟ್ಟಿ..." ಎನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಬ್ಯಾನಿ ಆಮ್ಯಾಲ. ನಿನ್ನಿ ಮುಂಜಾನಿಂದ ಏನೇನು ಉಂಡಿ, ಅದನ್ನ ಹೇಳು" ಎನ್ನುತ್ತಿದ್ದರು. ಟಪಾಲು ಕೊಡಲು ಬಂದ ಅಂಚೆಯವನಿಗೂ ಒಮ್ಮೆ ಇದೇ ಪ್ರಶ್ನೆ ಕೇಳಿದ್ದಕ್ಕೆ, ಅವನು ಗಾಬರಿಯಿಂದ ಎರಡು ರೊಟ್ಟಿ, ಕೆಂಪಿಂಡಿ ಚಟ್ನಿ ಎಂದು ಒಪ್ಪಿಸಿ ಓಡಿಹೋಗಿದ್ದ. ನೂರು ಜನರನ್ನು ಕೇಳಿದರೆ ಎಂಬತ್ತು ಜನರ ಬೇನೆ ಅವರ ತಾಟಿನಲ್ಲೇ ಇರುತ್ತದೆ ಎನ್ನುವುದು ಅವರ ನಂಬಿಕೆ. ಲೆಕ್ಕ ಅವರು ಎಂದೂ ಹಾಕಿರಲಿಲ್ಲ, ಹಾಗೆ ಸುಮ್ಮನೆ ಹೇಳುತ್ತಿದ್ದರು. ಸುಳ್ಳೇನೂ ಇರಲಿಲ್ಲ.

ಆ ವರ್ಷ ನಮಗೆ ಮಕ್ಕಳಿಗಾಗಿ ಹಾಲಿನ ಪುಡಿಯ ಡಬ್ಬಿಗಳು ಬಂದವು. ದೊಡ್ಡ ತಗಡಿನ ಡಬ್ಬಿ, ಮೇಲೆ ಏನೋ ಪರದೇಶಿ ಅಕ್ಷರ. ನಾನು ಹುರುಪಿನಿಂದ ನೇಕಾರರ ಓಣಿಯ ಮನೆಮನೆಗೆ ಹಂಚಿ ಬಂದೆ. ಹದಿನೈದು ದಿನಕ್ಕೆ ನೋಡಲು ಹೋದರೆ ಒಬ್ಬ ನೇಕಾರ ಅಂಗಳದಲ್ಲಿ ಕೂತು ಅರ್ಧ ನೇಯ್ದ ಸೀರೆಯಿಂದ ಇರುವೆ ಹೆಕ್ಕುತ್ತಿದ್ದ. ನನ್ನನ್ನು ಕಂಡದ್ದೇ ಸಿಡುಕಿದ: "ನರ್ಸಬಾಯಿ, ನಿಮ್ಮ ಸರಕಾರದ ಗಂಜಿ ಒಂಚೂರೂ ಬರೋಬರಿ ಇಲ್ಲ ನೋಡ್ರಿ! ನೂಲು ಬಿಗಿ ಆಗತೈತಿ ಖರೆ, ಆದ್ರ ಇರುವಿ ಬಿಡವಲ್ವು. ಬೆಕ್ಕು ಬ್ಯಾರೆ ಬಂದು ಸೆರಗು ನೆಕ್ಕತೈತಿ." ತಗಡಿನ ಡಬ್ಬಿಯಲ್ಲಿ ಬಂದ ಬಿಳಿ ಪುಡಿ ನೂಲಿಗೆ ಹಚ್ಚುವ ಗಂಜಿಯೇ ಇರಬೇಕೆಂದು ಓಣಿಗೆ ಓಣಿಯೇ ತೀರ್ಮಾನಿಸಿತ್ತು. ಹಾಲು ಎಂದರೆ ಚರಿಗೆಯಲ್ಲಿ ಬರುವುದು. ಡಬ್ಬಿಯಲ್ಲಿ ಬಂದದ್ದನ್ನು ಯಾರು ಹಾಲು ಎನ್ನುತ್ತಾರೆ? ಡಾಕ್ಟರು ಕೇಳಿ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ, "ನೀ ಕೊಟ್ಟದ್ದು ಏನು ಅಂತ ಜನಾ ನೋಡೂದಿಲ್ಲ ಹುಡುಗಿ. ಯಾವುದರಾಗ ಹಾಕಿ ಕೊಟ್ಟಿ ಅಂತ ನೋಡ್ತಾರ" ಎಂದರು. ಆ ಮಾತನ್ನು ನಾನು ಆಗಲೇ ಗಂಟು ಕಟ್ಟಿಕೊಳ್ಳಬೇಕಿತ್ತು.

ಅಣಬೆ ನನ್ನ ಕಣ್ಣಿಗೆ ಬಿದ್ದದ್ದು ಐಹೊಳೆಯಲ್ಲಿ. ಅಂದಿನ ಐಹೊಳೆಯ ಹಳೆಯ ಗುಡಿಗಳಲ್ಲಿ ಸಂಸಾರಗಳೇ ಇದ್ದವು. ಒಂದು ಗುಡಿಯಲ್ಲಿ ಎಮ್ಮೆ, ಇನ್ನೊಂದರಲ್ಲಿ ಒಲೆ. ಅಲ್ಲಿ ಕೂಲಿ ಮಾಡುವ ಹುಲಗವ್ವ ಎಂಬ ಮುದುಕಿ ಗುಡಿಯ ಕಲ್ಲಹಾಸಿನ ಮೇಲೆ ಬಿಳಿಯ ಚಿಪ್ಪುಗಳಂಥದ್ದೇನನ್ನೋ ಬಿಸಿಲಿಗೆ ಹರವಿದ್ದಳು. ಒಂದರ ಮೇಲೊಂದು ಮಡಿಕೆ, ಕೆಳಗೆ ಬೀಸಣಿಗೆಯ ಕಡ್ಡಿಯಂಥ ಗೆರೆ. ಏನಿದು ಎಂದೆ.

"ಚಿಪ್ಪಣಬಿ ರೀ. ಹಳೇ ಜ್ವಾಳದ ಕಣಕಿ ಬಣವಿ ಬುಡಕ, ಸತ್ತ ನುಗ್ಗಿ ಗಿಡದ ಮ್ಯಾಲ ಶ್ರಾವಣದಾಗ ಬರತೈತಿ. ನನ್ನ ಆರು ಮೊಮ್ಮಕ್ಕಳು ಮಳಿಗಾಲ ದಾಟಿದ್ದು ಇದರ ಮ್ಯಾಲ."

ಆರೂ ಮೊಮ್ಮಕ್ಕಳು ಅಲ್ಲೇ ಆಡುತ್ತ, ಬಡಿದಾಡುತ್ತ ಇದ್ದರು. ಆ ಭಾಗದಲ್ಲಿ ಮಳೆಗಾಲ ಎಂದರೆ ಹಿಂದಿನ ಸುಗ್ಗಿಯ ಜೋಳ ನೆಲದೊಳಗಿನ ಹಗೇವಿನ ತಳ ಕಂಡ ಕಾಲ, ಮಕ್ಕಳ ಕಾಲು ಕಡ್ಡಿಯಾಗುವ ಕಾಲ. ಈ ಮಕ್ಕಳ ಮೈ ಗಟ್ಟಿಯಾಗಿತ್ತು. ನಾನು ನಾಲ್ಕು ಚಿಪ್ಪುಗಳನ್ನು ಕಾಗದದಲ್ಲಿ ಸುತ್ತಿ ತಂದು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಮೂಸಿದರು, ಮುರಿದರು, ಬಾಗಲಕೋಟೆಗೆ ಒಯ್ದರು. ಎರಡು ವಾರ ಯಾವ ಯಾವ ಪುಸ್ತಕ ತಿರುವಿದರೋ, ಯಾವ ಗೆಳೆಯರಿಗೆ ಕಾಗದ ಬರೆದರೋ ಗೊತ್ತಿಲ್ಲ. ಬಂದು ಹೇಳಿದರು:

"ನಿನ್ನ ಮುದುಕಿ ಶಾಣ್ಯಾ ಇದ್ದಾಳ. ಇದರಾಗ ಬ್ಯಾಳಿಯೊಳಗ ಇರ್ತದಲ್ಲ, ಆ ಮೈ ಕಟ್ಟೋ ಸತ್ವ ಅದ. ಬಿ ಜೀವಸತ್ವ ಅದ, ಸ್ವಲ್ಪ ಕಬ್ಬಿಣಾನೂ ಅದ. ಜಿಡ್ಡು ಇಲ್ಲ. ಚೊಲೋತ್ನಾಗಿ ಬೇಯಿಸಿದ್ರ ಹೊಟ್ಟಿಗೆ ಭಾರ ಆಗೂದಿಲ್ಲ. ಆದ್ರ ಇದರ ಹೆಚ್ಚಿನ ಪಾಲು ನೀರು. ಚಮಚಾದಾಗ ಕೊಟ್ರ ಉಪಯೋಗ ಇಲ್ಲ, ತಾಟ ತುಂಬ ಉಣ್ಣಬೇಕು. ಇನ್ನ ನೆಲದಾಗ ಏಳೋ ಅಣಬಿ ಯಾವುದನ್ನೂ ನೀ ಮುಟ್ಟಬ್ಯಾಡ. ಅದರಾಗ ವಿಷದ್ದೂ ಇರ್ತಾವ. ಆ ಮುದುಕಿ ಆರಿಸಿದ್ದಷ್ಟೇ ಖರೆ."

ಇದನ್ನು ಓದುವವರಿಗೂ ಅದೇ ಮಾತು. ನನ್ನ ಕಥೆ ಕೇಳಿ ಹೊಲದ ಬದುವಿಗೆ ಬುಟ್ಟಿ ಹಿಡಿದು ಹೊರಡಬೇಡಿ. ಬೆಳೆಸಿದ ಚಿಪ್ಪಣಬೆ ಈಗ ಪೊಟ್ಟಣದಲ್ಲಿ ಸಿಗುತ್ತದೆ, ಅದನ್ನು ತನ್ನಿ. ಸಕ್ಕರೆ ಬೇನೆಯವರಿಗೆ ಒಳ್ಳೆಯದು, ರಕ್ತದ ಕೊಬ್ಬು ಇಳಿಯುತ್ತದೆ, ಬಿಸಿಲಲ್ಲಿ ಒಣಗಿಸಿದರೆ ಎಲುಬಿಗೆ ಬೇಕಾದ ಜೀವಸತ್ವ ಏರುತ್ತದೆ ಎಂದೆಲ್ಲ ಈಚೆಗೆ ಪತ್ರಿಕೆಗಳಲ್ಲಿ ಓದುತ್ತೇನೆ. ಇರಬಹುದು. ನಾನು ಕಂಡದ್ದನ್ನಷ್ಟೇ ನಾನು ಹೇಳಬಲ್ಲೆ.

ಅಂದಿನಿಂದ ಮಳೆಗಾಲ ಬಂತೆಂದರೆ ನನ್ನ ಬಾಯಿಗೆ ಅಣಬೆ ಬಿಟ್ಟು ಬೇರೆ ಮಾತಿಲ್ಲ. ಓಣಿ ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಹೇಳಿದ್ದೇ ಹೇಳಿದ್ದು. ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಒಮ್ಮೆ ನೇಕಾರರ ಓಣಿಯ ಬಸಲಿಂಗವ್ವ, ಇವಳು ಮುಂದೆ ನನ್ನ ಪರೀಕ್ಷೆ ಮಾಡಲಿರುವವಳು, ಅಡಿಕೆ ಕತ್ತರಿಸುತ್ತ ಕೇಳಿದಳು: "ಇಷ್ಟ ಹೇಳತೀರಲ್ರಿ ನರ್ಸಬಾಯಿ, ರುಚಿ ಹೆಂಗ ಇರತೈತ್ರಿ ಅದು?"

"ಭಾಳ ಚೊಲೋ ಇರತೈತಿ" ಎಂದೆ.

"ಚೊಲೋ ಅಂದ್ರ? ಬದನಿಕಾಯಿ ಗತೆನೋ, ಹೀರಿಕಾಯಿ ಗತೆನೋ?"

"ಎರಡರ ಗತೆನೂ" ಎಂದು ಚೀಲ ಎತ್ತಿಕೊಂಡು ಎದ್ದುಬಿಟ್ಟೆ. ಬಸಲಿಂಗವ್ವ ಮತ್ತೆ ಅಡಿಕೆ ಕತ್ತರಿಸತೊಡಗಿದಳು.

ಬಸಲಿಂಗವ್ವನದು ಕಟ್ಟುನಿಟ್ಟಿನ ಲಿಂಗವಂತ ಮನೆತನ. ಕೊರಳಲ್ಲಿ ಲಿಂಗ, ಪೂಜೆಯಾಗದೆ ಬಾಯಿಗೆ ನೀರು ಇಲ್ಲ. ಮಗ ಮಗ್ಗದ ಕುಣಿಯಲ್ಲಿ, ಸೊಸೆ ಗಂಗವ್ವ ರಾಟಿಯ ಮುಂದೆ. ಗಂಗವ್ವ ಇಪ್ಪತ್ತೂ ದಾಟದ ಹುಡುಗಿ, ಮಾತಿಗೊಮ್ಮೆ ಕಿಲಕಿಲ ನಗುವವಳು. ಮೊದಲ ಕೂಸನ್ನು ಕಳೆದುಕೊಂಡಿದ್ದಳು. ಎರಡನೆಯದು ಹೆಣ್ಣು, ಆಷಾಢದಲ್ಲಿ ನಾನೇ ಹೆರಿಗೆ ಮಾಡಿಸಿದ್ದು. ಕೂಸು ಚೆನ್ನಾಗಿತ್ತು, ತಾಯಿ ಚೆನ್ನಾಗಿರಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆ ಸುಣ್ಣ ಬಳಿದಷ್ಟು ಬಿಳುಪು. ಕಾಲು ಬಾತಿದ್ದವು. ಎದೆಹಾಲು ಕೂಸಿಗೆ ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅವಳು ನಗುವುದನ್ನು ಬಿಟ್ಟದ್ದು.

ಕಬ್ಬಿಣದ ಗುಳಿಗೆ ಕೊಟ್ಟೆ, 'ಉಷ್ಣ' ಎಂದು ಹಿತ್ತಲಿಗೆ ಹೋದವು. ತೊಗರಿಬೇಳೆ ಕೊಡಿ ಎಂದೆ, ಬಾಣಂತಿಗೆ ವಾಯು. ಮಜ್ಜಿಗೆ ಎಂದೆ, ಥಂಡಿ. ಶೇಂಗಾ ಎಂದೆ, ಪಿತ್ತ. ತತ್ತಿಯ ಮಾತನ್ನು ನಾನು ಎತ್ತುವ ಹಾಗೇ ಇರಲಿಲ್ಲ. ಬಸಲಿಂಗವ್ವ ಕೆಟ್ಟವಳಲ್ಲ, ಸೊಸೆಯನ್ನು ಮಗಳಂತೆ ನೋಡುವ ಹೆಂಗಸು. ತನಗೆ ತನ್ನ ಅತ್ತೆ ಏನು ಮಾಡಿದ್ದಳೋ ಅದನ್ನೇ ಪ್ರೀತಿಯಿಂದ ಮಾಡುತ್ತಿದ್ದಳು. ಆಗ ನನಗೊಂದು ಉಪಾಯ ಹೊಳೆಯಿತು. ಬಾಣಂತಿ ತಿನ್ನಬಾರದ್ದರ ಪಟ್ಟಿ ಉದ್ದವಾಗಿತ್ತು, ಆದರೆ ಅದರಲ್ಲಿ ಅಣಬೆಯ ಹೆಸರೇ ಇರಲಿಲ್ಲ. ಯಾರೂ ತಿನ್ನದ ಪದಾರ್ಥಕ್ಕೆ ನಿಷೇಧ ಯಾಕೆ?

"ಅಣಬಿ ನಮ್ಮ ಮನ್ಯಾಗ ಒಲ್ಲೇವ ರೀ" ಎಂದಳು ಬಸಲಿಂಗವ್ವ.

"ಊಟಕ್ಕ ಅಲ್ಲವ್ವ, ಔಷಧಕ್ಕ" ಎಂದುಬಿಟ್ಟೆ.

ಅವಳ ಮುಖ ಸಡಿಲಾಯಿತು. "ಔಷಧಾ ಅಂದ್ರ ಆಗಲಿ. ಔಷಧಕ್ಕ ದೋಷ ಇಲ್ಲ."

ಗೆದ್ದೆ ಎಂದು ಹಿಗ್ಗಿದೆ. ಹುಲಗವ್ವ ಒಣಗಿಸಿದ ಚಿಪ್ಪಣಬೆ ತರಿಸಿ, ದವಾಖಾನೆಯಲ್ಲೇ ಕುಟ್ಟಿ, ತೊಳೆದ ಖಾಲಿ ಔಷಧದ ಶೀಸೆಗೆ ತುಂಬಿದೆ. ಆಗಿನ ಶೀಸೆಗಳಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಒಂದು ಹಲ್ಲು ಎಂದರೆ ಒಂದು ಹೊತ್ತಿನ ಔಷಧ. ಈ ಶೀಸೆಯ ಮೇಲೂ ಹಳೆಯ ಪಟ್ಟಿ ಹಾಗೆಯೇ ಇತ್ತು. ಕೀಳಲು ಬೇಸರವಾಗಿ ಬಿಟ್ಟೆ. ಹುನಗುಂದಕ್ಕೆ ಹೋಗುವ ಬಸ್ಸು ಹತ್ತುವ ಅವಸರದಲ್ಲಿ ಬಸಲಿಂಗವ್ವನ ಕೈಗೆ ಕೊಟ್ಟು, "ದಿನಾ ಒಂದ ಹಿಡಿ ಸಾರಿನಾಗ ಹಾಕಿ ಕುದಿಸಿ ಕೊಡವ್ವ, ತೀರಿದ ಮ್ಯಾಲ ಮತ್ತ ಕೊಡತೇನಿ" ಎಂದೆ. ಹುನಗುಂದದಲ್ಲಿ ದೇವಿ ಹಾಕುವ ಕೆಲಸ, ಸಿಡುಬು ಬಾರದಂತೆ ಮನೆಮನೆ ತಿರುಗಿ ಮಕ್ಕಳ ತೋಳಿಗೆ ಚುಚ್ಚುವುದು. ವಾರದ್ದು ಎಂದದ್ದು ಮೂರು ವಾರ ಹಿಡಿಯಿತು.

ಬಂದವಳೇ ಮೊದಲು ಅವರ ಮನೆಗೆ ಓಡಿದೆ. ಗಂಗವ್ವ ಹೊರಸಿನ ಮೇಲೆ ಮಲಗಿದ್ದಳು. ನನ್ನನ್ನು ಕಂಡು ಏಳಲು ಹೋಗಿ ಆಗದೆ ಹಾಗೇ ಒರಗಿದಳು. ಪಕ್ಕದಲ್ಲಿ ಕೂಸು ಒಣ ದನಿಯಲ್ಲಿ ಅಳುತ್ತಿತ್ತು. ದೇವರ ಮಾಡದಲ್ಲಿ ದೀಪದ ಪಕ್ಕ ನನ್ನ ಶೀಸೆ. ಅದರ ಹಣೆಗೆ ವಿಭೂತಿ, ಮೇಲೊಂದು ಹೂವು. ಒಳಗಿನ ಪುಡಿ ಮುಕ್ಕಾಲು ಪಾಲು ಹಾಗೇ ಇತ್ತು.

"ಕೊಡಲಿಲ್ಲೇನವ್ವ?" ಎಂದೆ.

"ಕೊಡಲಾರದ ಬಿಡತೇನೇನ್ರಿ? ಮೂರೂ ಹೊತ್ತು, ಒಂದ ಚಿಟಿಕಿ ಜೇನದಾಗ ಕಲಸಿ ನೆಕ್ಕಸೇನಿ. ನೀವು ಹಿಡಿ ಅಂದ್ರಿ. ಔಷಧಾ ಯಾರರ ಹಿಡಿಗಟ್ಟಲೆ ಕೊಡತಾರ? ಗಡಿಬಿಡಿಯಾಗ ಬಾಯಿ ತಪ್ಪೇತಿ ಅಂತ ನಾನ ಸರಿ ಮಾಡಕೊಂಡೆ. ಪಥ್ಯಾನೂ ತಪ್ಪಿಸಿಲ್ಲ. ಇಷ್ಟ ದೊಡ್ಡ ಔಷಧಾ, ಉಪ್ಪು, ಹುಳಿ, ಖಾರ, ಕಾಯಿಪಲ್ಯಾ, ಎಲ್ಲಾ ಬಂದ್ ಮಾಡೇನಿ. ಬರೇ ಅಕ್ಕಿ ಗಂಜಿ ಮ್ಯಾಲ ಇಟ್ಟೇನಿ."

ನಮ್ಮ ಕಡೆ ಔಷಧವೆಂದರೆ ಜೊತೆಗೆ ಪಥ್ಯ ಬಂದೇ ಬರುತ್ತದೆ. ಔಷಧ ದೊಡ್ಡದಾದಷ್ಟೂ ಪಥ್ಯ ಕಠಿಣ. ಇದು ಗೊತ್ತಿಲ್ಲದವಳೇ ನಾನು? ನಾನು ಹುಟ್ಟಿ ಬೆಳೆದ ಸೀಮೆಯೇ ಅದು. ಅಲ್ಲಿಯವರೆಗೆ ಆ ಹುಡುಗಿ ಒಂದಿಷ್ಟು ರೊಟ್ಟಿ, ಒಂದಿಷ್ಟು ಸೊಪ್ಪನ್ನಾದರೂ ತಿನ್ನುತ್ತಿದ್ದಳು. ನನ್ನ ಒಂದು ಸುಳ್ಳು ಅದನ್ನೂ ಕಿತ್ತುಕೊಂಡಿತ್ತು. ಬಸಲಿಂಗವ್ವ ನನ್ನ ಮುಖವನ್ನೇ ನೋಡುತ್ತ, "ಇನ್ನ ಎಷ್ಟ ದಿನಕ್ಕ ಹತ್ತತೈತ್ರಿ ಔಷಧಾ?" ಎಂದು ಕೇಳಿದಳು. ನಾನು "ನಾಳೆ ಡಾಕ್ಟರು ಬರತಾರವ್ವ" ಎಂದು ಹೊರಬಿದ್ದೆ.

ಮರುದಿನ ಡಾಕ್ಟರು ಬಂದಾಗ ಎಲ್ಲ ಒಪ್ಪಿಸಿದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಗಂಗವ್ವನನ್ನು ನೋಡಿ ಬಂದು ಕೈ ತೊಳೆಯುತ್ತ ಹೇಳಿದರು: "ಹಿಂಗ ಇನ್ನ ಹದಿನೈದು ದಿವಸ ಹೋದ್ರ ತಾಯಿ ಇಲ್ಲ, ಆಕೀ ಹಿಂದ ಕೂಸೂ ಇಲ್ಲ. ಬಾಗಲಕೋಟಿಗೆ ಕಳಸ್ರಿ ಅಂದೆ, ಮುದುಕಿ ಒಲ್ಲೆ ಅಂತಾಳ. ನರ್ಸಬಾಯಿ ಔಷಧಾ ನಡದದ ಅಂತ. ನಿನ್ನ ಮ್ಯಾಲ ಅಷ್ಟ ನಂಬಿಗಿ ಅದ ಆಕೀಗೆ. ಹೋಗು, ಔಷಧಾ ಅಲ್ಲ ಅಂತ ನೀನ ಹೇಳು."

"ಹೇಳಿದ್ರ ಓಣ್ಯಾಗ ಯಾರೂ ನನ್ನ ಬಾಗಲದಾಗ ಬಿಟ್ಟುಕೊಳ್ಳೂದಿಲ್ಲ ಸರ್."

"ಹೌದು, ಬಿಟ್ಟುಕೊಳ್ಳಲಿಕ್ಕಿಲ್ಲ" ಎಂದರು. ನಶ್ಯ ಏರಿಸಿ ಮುಂದಿನ ರೋಗಿಯನ್ನು ಕರೆದರು.

ಅವತ್ತೇ ಚಕ್ಕಡಿ ಕಟ್ಟಿಸಿಕೊಂಡು ಐಹೊಳೆಗೆ ಹೋದೆ. ಹುಲಗವ್ವನಿಗೆ ಎಲ್ಲ ಹೇಳಿದೆ. ಅವಳು ಬೆಳಗಿನ ಮಳೆಗೆ ಅರಳಿದ ಚಿಪ್ಪಣಬೆಯನ್ನು ಬುಟ್ಟಿ ತುಂಬ ಕಿತ್ತು, ಮೇಲೆ ಒದ್ದೆ ಬಟ್ಟೆ ಹಾಕಿ ಗಾಡಿ ಏರಿದಳು. ದಾರಿಯುದ್ದ ನಗುತ್ತಲೇ ಇದ್ದಳು. "ಪಲ್ಯಾಕ್ಕ ವಿಭೂತಿ ಹಚ್ಚಿ ಪೂಜಾ ಮಾಡ್ಯಾಳ? ನನ್ನ ಕೈಯಾನ ಪಲ್ಯಾಕ್ಕ?" ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಬಸಲಿಂಗವ್ವನ ಅಂಗಳದಲ್ಲಿ ನಿಂತು ಹೇಳಿಯೇಬಿಟ್ಟೆ: "ಅವ್ವ, ನಾ ಸುಳ್ಳ ಹೇಳೇನಿ. ಅದು ಔಷಧಾ ಅಲ್ಲ, ಪಲ್ಯಾ. ಪಲ್ಯಾದ ಗತೆ ತಾಟ ತುಂಬ ಉಣ್ಣಬೇಕು. ಔಷಧಾ ಅಂದ್ರ ನೀವು ಒಪ್ಪತೀರಿ ಅಂತ ಅಂದೆ. ಪಥ್ಯಾ ಬ್ಯಾಡ. ಪಥ್ಯಾದಿಂದನ ಗಂಗವ್ವ ಸೊರಗ್ಯಾಳ. ತಪ್ಪು ನಂದು."

ಆಚೀಚೆ ಮನೆಯ ಮಗ್ಗಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿ ಹೆಂಗಸರ ತಲೆಗಳು ಕಾಣಿಸಿಕೊಂಡವು. ಬಸಲಿಂಗವ್ವ ಮೆಲ್ಲಗೆ ಕೇಳಿದಳು: "ಪಲ್ಯಾ ಅಂದಮ್ಯಾಲ ನಿಮ್ಮ ಮನ್ಯಾಗ ಮಾಡತೀರೇನ್ರಿ?"

ಇಲ್ಲ ಎಂದೆ.

"ನೀವು ಉಂಡೀರೇನು, ಒಮ್ಮೆರ?"

ಇಲ್ಲ ಎಂದೆ.

"ಮತ್ತ ರುಚಿ ಬದನಿಕಾಯಿ ಗತೆ, ಹೀರಿಕಾಯಿ ಗತೆ ಅಂದ್ರಿ. ನಿಮ್ಮ ಬಾಯಿಗೆ ಮೈಲಿಗಿ ಆದದ್ದು ನನ್ನ ಸೊಸಿ ಬಾಯಿಗೆ ಮಡೀನ?"

ನನ್ನ ಮೂವತ್ತೈದು ವರ್ಷಗಳ ನೌಕರಿಯಲ್ಲಿ ಎಷ್ಟೋ ಸಾಹೇಬರು ಬೈದಿದ್ದಾರೆ, ಮೆಮೋ ಕೊಟ್ಟಿದ್ದಾರೆ. ಯಾರ ಮಾತೂ ಹೀಗೆ ನಾಟಿದ್ದಿಲ್ಲ. ಅವ್ವನ ಕೈಮೇಲೆ ಕೈಯಿಟ್ಟದ್ದು ನೆನಪಾಯಿತು. ಹೊರಸಿನ ಮೇಲಿನ ಗಂಗವ್ವ ಬಾಗಿಲಿನ ಸಂದಿಯಿಂದ ಕಾಣುತ್ತಿದ್ದಳು. "ಒಲಿ ಎಲ್ಲಿ ಹೂಡಲಿ?" ಎಂದೆ.

ಅಂಗಳದ ಮೂಲೆಗೆ ಮೂರು ಕಲ್ಲು ಇಟ್ಟುಕೊಟ್ಟರು. ಒಳಗಿನ ಒಲೆಯ ಮೇಲೆ ಅಣಬೆಗೆ ಜಾಗವಿರಲಿಲ್ಲ, ಅಂಗಳದೊಳಗೆ ಹುಲಗವ್ವನಿಗೂ ಜಾಗವಿರಲಿಲ್ಲ. ಆ ಕಾಲ ಹಾಗಿತ್ತು, ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವಳು ಹೊರಗೆ ಗೋಡೆಯ ಮೇಲಿಂದ ತಲೆ ಹಾಕಿ ಒದರುವುದು, ಹುಟ್ಟಿದಂದಿನಿಂದ ಉಳ್ಳಾಗಡ್ಡಿ ಹೆಚ್ಚದ ನಾನು ಮಾಡುವುದು.

"ಉಳ್ಳಾಗಡ್ಡಿ ಹಂಗ ಹೆಚ್ಚತಾರೇನ್ರಿ? ಅದೇನು ಕಟ್ಟಿಗಿ ತುಂಡೇನು! ಬಳ್ಳೊಳ್ಳಿ ಜಜ್ಜರಿ, ಜಜ್ಜರಿ! ಅಣಬಿ ಕೈಲೆ ಸೀಳಬೇಕು, ಇಳಗಿ ಹಚ್ಚಬ್ಯಾಡ್ರಿ! ನೀರು ಹಾಕಬ್ಯಾಡ್ರಿ, ತಾನ ನೀರ ಬಿಡತೈತಿ!"

ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಓಣಿಯ ಹೆಂಗಸರೆಲ್ಲ ನಾಟಕ ನೋಡಿದ ಹಾಗೆ ನೋಡಿ ನಕ್ಕದ್ದೇ ನಕ್ಕದ್ದು. ನೀರು ಬಿಟ್ಟಿತು, ಆರಿತು. ಹಸಿಮೆಣಸಿನಕಾಯಿ ಹಾಕಿ ಕೊನೆಗೆ ಶೇಂಗಾಪುಡಿ ಉದುರಿಸಿದೆ. ಘಮ್ಮೆಂದು ವಾಸನೆ ಎದ್ದಿತು. ಅದು ನಮ್ಮ ಮನೆಯಲ್ಲಿ ಎಂದೂ ಏಳದ ವಾಸನೆ. ಬಾಯಲ್ಲಿ ನೀರೂರಿತೆಂದು ಒಪ್ಪಿಕೊಳ್ಳಲು ನನಗೆ ಎಷ್ಟೋ ವರ್ಷ ಬೇಕಾದವು.

ಆಗ ಒಳಗಿನಿಂದ ಸಣ್ಣ ದನಿ ಬಂತು: "ಅತ್ತೀ, ನನಗ ಹಸಿವ್ಯಾಗೇತಿ."

ಬಸಲಿಂಗವ್ವ ತಟ್ಟನೆ ತಿರುಗಿದಳು. ಒಂದು ತಿಂಗಳಿನಿಂದ ಆ ಹುಡುಗಿ ಹಸಿವು ಎಂಬ ಮಾತು ಆಡಿರಲಿಲ್ಲವಂತೆ. ಆದರೂ ಮುದುಕಿ ಅವಸರ ಮಾಡಲಿಲ್ಲ. ನನ್ನ ಮುಂದೆ ರೊಟ್ಟಿ ಇಟ್ಟು, "ಮೊದಲ ನೀವು" ಎಂದಳು. ನಾನು ರೊಟ್ಟಿ ಮುರಿದು ಪಲ್ಯ ಎತ್ತಿ ಕಣ್ಣು ಮುಚ್ಚಿ ಬಾಯಿಗಿಟ್ಟೆ. ಎಲ್ಲರೂ ನನ್ನ ದವಡೆಯನ್ನೇ ನೋಡುತ್ತಿದ್ದರು. ಇಡೀ ರೊಟ್ಟಿ ಮುಗಿಸಿದೆ. ಮುಗಿಸಿ, ಯಾರೂ ಬಡಿಸದಿದ್ದರೂ ಇನ್ನೊಂದು ರೊಟ್ಟಿಗೆ ಕೈ ಹಾಕಿದೆ. ಗೋಡೆಯ ಆಚೆ ಹುಲಗವ್ವ ಗಹಗಹಿಸಿ ನಕ್ಕಳು.

ಸಂಜೆ ದೀಪ ಹಚ್ಚುವ ತನಕ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಸಲಿಂಗವ್ವ ಗಳಿಗೆಗೊಮ್ಮೆ ಮುಖ ನೋಡುತ್ತಿದ್ದಳು. ನಾನು ಸಾಯಲಿಲ್ಲ, ವಾಂತಿ ಮಾಡಲಿಲ್ಲ. ದೀಪ ಹಚ್ಚಿದ ಮೇಲೆ ಅವಳು ಕೈಕಾಲು ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಪಲ್ಯದ ತಾಟನ್ನು ಲಿಂಗದ ಮುಂದೆ ಹಿಡಿದಳು. "ತಪ್ಪಿದ್ರ ನನಗ ಹತ್ತಲಿ ತಂದಿ. ಅಕಿ ಸಣ್ಣಾಕಿ" ಎಂದು ಮೊದಲ ತುತ್ತನ್ನು ತಾನೇ ಉಂಡಳು. ಮುಖ ಹುಳಿ ಮಾಡಿಕೊಂಡೇ ನುಂಗಿದಳು. ಎರಡನೆಯ ತುತ್ತನ್ನು ಸೊಸೆಯ ಬಾಯಿಗೆ ಇಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಉಳ್ಳಾಗಡ್ಡಿಯ ಮೇಲೆ ಹಾಕಿದೆ.

ನಾನು ಅಲ್ಲೇ ಇನ್ನೊಂದು ಮಾತು ಗಟ್ಟಿ ಮಾಡಿಕೊಂಡೆ. "ಔಷಧಾ ಅಲ್ಲಂದಮ್ಯಾಲ ಪಥ್ಯಾ ಯಾಕವ್ವ? ಬ್ಯಾಳಿನೂ ಕೊಡ್ರಿ, ಸೊಪ್ಪೂ ಕೊಡ್ರಿ." ಬಸಲಿಂಗವ್ವ ಯೋಚಿಸಿ, "ಅದೂ ಖರೆ ಐತಿ" ಎಂದಳು. ಅಂದಿನಿಂದ ಸೊಸೆಗೆ ರೊಟ್ಟಿ, ಬೇಳೆ, ತುಪ್ಪ, ಸೊಪ್ಪು, ಬಣವಿಯಲ್ಲಿ ಎದ್ದಷ್ಟು ದಿನ ಚಿಪ್ಪಣಬೆ. ಗುಳಿಗೆಯನ್ನು ಮಾತ್ರ ನಾನು ದಿನಾ ಎದುರು ನಿಂತು ನುಂಗಿಸುತ್ತಿದ್ದೆ. ಯಾವುದರಿಂದ ಎದ್ದಳು ಎಂದು ಕೇಳಿದರೆ ನಾನು ಅಣಬೆಯೊಂದನ್ನೇ ತೋರಿಸಲಾರೆ. ಹಸಿವನ್ನು ತಂದುಕೊಟ್ಟದ್ದು ಅಣಬೆ, ಮೈ ತುಂಬಿಸಿದ್ದು ಎಲ್ಲವೂ ಸೇರಿ. ಮಹಾನವಮಿಯ ಹೊತ್ತಿಗೆ ಕಾಲಿನ ಬಾವು ಇಳಿಯಿತು. ದೀಪಾವಳಿಗೆ ಮೊದಲು ಒಂದು ಮಧ್ಯಾಹ್ನ ಓಣಿಯಲ್ಲಿ ಹೋಗುವಾಗ ರಾಟಿಯ ಸದ್ದಿನ ನಡುವೆ ಕಿಲಕಿಲ ನಗು ಕೇಳಿಸಿತು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಒಳಗೆ ಹೋಗದೆ ಮುಂದೆ ನಡೆದೆ.

ಓಣಿಯ ಬಾಗಿಲುಗಳು ಮುಚ್ಚಲಿಲ್ಲ. ಅಂದಿನಿಂದ ನಾನು ಏನು ಹೇಳಿದರೂ "ನೀವು ಉಂಡೀರೇನ್ರಿ?" ಎಂದು ಕೇಳುವುದೊಂದು ಅಭ್ಯಾಸವಾಯಿತು. ಬೇವಿನ ಕಷಾಯದಿಂದ ಹಿಡಿದು ಹರಳೆಣ್ಣೆಯವರೆಗೆ ಏನೆಲ್ಲ ಕುಡಿದು ತೋರಿಸಿದ್ದೇನೆ!

ದೀಪಾವಳಿಗೆ ಬಾದಾಮಿಗೆ ಹೋದೆ. ಅವ್ವನಿಗೆ ಹೇಗೆ ಹೇಳುವುದೆಂದು ದಾರಿಯುದ್ದ ಮಾತು ಜೋಡಿಸಿದ್ದೇ ಜೋಡಿಸಿದ್ದು. ಜೋಡಿಸುವ ಅಗತ್ಯವಿರಲಿಲ್ಲ. ಗುಡೂರಿನ ಸುದ್ದಿ ಅಮೀನಗಡದ ಸಂತೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕೂತು ನನಗಿಂತ ಮೊದಲೇ ನಮ್ಮ ಮನೆ ತಲುಪಿತ್ತು. ಅವ್ವ ನನ್ನನ್ನು ಸ್ನಾನಕ್ಕೆ ಕಳಿಸಿದಳು, ಉಣಬಡಿಸಿದಳು, ಏನೂ ಕೇಳಲಿಲ್ಲ. ಕೈ ತೊಳೆದು ಬಂದು ಅವಳ ಎದುರು ಕೂತೆ. ಕೊಟ್ಟ ಮಾತು ಮುರಿದೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಆ ಹುಡುಗಿ ಉಳದ್ಲೇನ?"

"ಉಳದ್ಲವ್ವ. ರಾಟಿ ಮುಂದ ಕೂತು ನಗಲಿಕ್ಕೆ ಹತ್ಯಾಳ."

"ಕೂಸು?"

"ಕೂಸೂ ಚೊಲೋ ಅದ."

ಅವ್ವ ಬತ್ತಿ ಹೊಸೆಯುತ್ತ ಅತ್ತಿತ್ತ ನೋಡಿ, ಅಪ್ಪ ಪಡಸಾಲೆಯಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು: "ರುಚಿ ಹ್ಯಾಂಗಿತ್ತ?"

ಈ ಸಲ ನಾನು ಸುಳ್ಳು ಹೇಳಬೇಕಿರಲಿಲ್ಲ. ಬದನೆಯ ಹಾಗಲ್ಲ, ಹೀರೆಯ ಹಾಗಲ್ಲ, ಮೆತ್ತಗಿದ್ದರೂ ಹಲ್ಲಿಗೆ ಸಿಗುತ್ತದೆ, ಶೇಂಗಾಪುಡಿ ಬಿದ್ದರೆ ಎರಡು ರೊಟ್ಟಿ ಹೆಚ್ಚಿಗೆ ಹೋಗುತ್ತದೆ ಎಂದು ಎಲ್ಲ ಹೇಳಿದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು, ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಯ ಕಡೆ ಹೊರಟವಳು ಹೊಸ್ತಿಲಲ್ಲಿ ನಿಂತು, ತಿರುಗದೆಯೇ ಹೇಳಿದಳು:

"ನನ್ನ ಒಲಿ ಮ್ಯಾಲ ನಡಿಯೂದಿಲ್ಲ, ಈಗ ಹೇಳೇನಿ. ಹಿತ್ತಲದಾಗ ಮೂರು ಕಲ್ಲ ಅವ."